ಕರ್ರಗಾದ ಎಣ್ಣೇನ ಬಜ್ಜಿ ಗಾಡಿಯವ್ರು ಯಾರಿಗೆ ಕೊಡ್ಬೇಕು?

ಮಾನ್ಯ ಸಂಪಾದಕರೇ,

ಕರಿದು ಉಳಿದ ಎಣ್ಣೆಯಿಂದ ವಿಮಾನದ ಇಂಧನ ಮಾಡೋಕೆ ಇಂಡಿಯನ್ ಆಯಿಲ್‌ನ ಪಾಣಿಪತ್ ರಿಫೈನರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಸರ್ಟಿಫಿಕೇಟ್ ಸಿಕ್ತು, ಖುಷಿ ವಿಷ್ಯಾನೇ. ಅಂತಾರಾಷ್ಟ್ರೀಯ ವಿಮಾನಗಳಿಗೆ 2027ಕ್ಕೆ ಶೇ 1, 2030ಕ್ಕೆ ಶೇ 5ರಷ್ಟು ಇಂಥ ಇಂಧನ ಬೆರೆಸ್ಬೇಕು ಅನ್ನೋ ಗುರೀನೂ ಇದೆ. ಸರಿ, ಅಷ್ಟು ಎಣ್ಣೆ ಎಲ್ಲಿಂದ ತರ್ತಾರೆ?

ಹಳೇ ಎಣ್ಣೇನ ಇಂಧನ ಮಾಡೋ ಕೆಮಿಸ್ಟ್ರಿ ಹೊಸದೇನಲ್ಲ. ಬಯೋಡೀಸೆಲ್ ಮಾಡೋರು ಎಣ್ಣೆಗೆ ಮೆಥನಾಲ್ ಸೇರ್ಸಿ, ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸೋ ವಸ್ತು) ಆಗಿ ಸ್ವಲ್ಪ ಕಾಸ್ಟಿಕ್ ಸೋಡಾ ಹಾಕಿ, 60 ಡಿಗ್ರಿ ಆಸುಪಾಸಲ್ಲಿ ಕಾಯಿಸಿ ಕಲಕ್ತಾರೆ, ಮೇಲೆ ಬಯೋಡೀಸೆಲ್ ತೇಲತ್ತೆ, ಗ್ಲಿಸರಿನ್ ತಳಕ್ಕೆ ಇಳಿಯತ್ತೆ. ಆದ್ರೆ ಪದೇ ಪದೇ ಕಾದ ಎಣ್ಣೇಲಿ ಆಮ್ಲ ಜಾಸ್ತಿ, ಅದಕ್ಕೆ ನೇರ ಕಾಸ್ಟಿಕ್ ಹಾಕಿದ್ರೆ ಡೀಸೆಲ್ ಬದ್ಲು ಸೋಪೇ ಗತಿ, ಹಾಗಾಗಿ ಮೊದ್ಲು ಸಲ್ಫ್ಯೂರಿಕ್ ಆಸಿಡ್ ಹಾಕಿ ಒಂದು ಸುತ್ತು ಸರಿ ಮಾಡ್ಕೋತಾರೆ. ವಿಮಾನದ್ದು ಬೇರೆ ದಾರಿ, ಅಲ್ಲಿ ನಿಕಲ್, ಮಾಲಿಬ್ಡಿನಮ್ ಥರದ ಕ್ಯಾಟಲಿಸ್ಟ್ ಇಟ್ಟು ಭಾರಿ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಎಣ್ಣೆಯೊಳಗಿನ ಆಕ್ಸಿಜನ್ ಕಿತ್ತು ಹಾಕ್ತಾರೆ. ಡೆಹ್ರಾಡೂನ್‌ನ ಐಐಪಿ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪೆಟ್ರೋಲಿಯಂ) ವಿಜ್ಞಾನಿಗಳು ಜಟ್ರೋಫಾ ಅನ್ನೋ ಗಿಡದ ಬೀಜದ ಎಣ್ಣೆಯಿಂದ ಮಾಡಿದ ಇಂಧನ ಬೆರೆಸ್ಕೊಂಡು 2018ರಲ್ಲೇ ಸ್ಪೈಸ್‌ಜೆಟ್ ವಿಮಾನ ದಿಲ್ಲಿಗೆ ಹಾರಿತ್ತಲ್ಲ.

ತೊಡಕಿರೋದು ಬೀದೀಲಿ. ಎಣ್ಣೇಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್ (ಪದೇ ಪದೇ ಕಾದಾಗ ಹುಟ್ಟೋ ಕೆಟ್ಟ ಅಂಶಗಳು) ಶೇ 25 ದಾಟಿದ್ರೆ ಅಡುಗೆಗೆ ಬಳಸೋ ಹಾಗಿಲ್ಲ ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ರೂಲ್ಸ್ ಇದೆ, ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೇಲಿ ಕರಿಯೋರು ಲೆಕ್ಕ ಇಟ್ಟು ಅಧಿಕೃತ ಏಜೆನ್ಸಿಗೇ ಕೊಡ್ಬೇಕು ಅಂತಾನೂ ಇದೆ. ಸಂಜೆ ಬಜ್ಜಿ ಗಾಡಿ ಹಾಕೋರು 50 ಲೀಟರ್ ಎಲ್ಲಿ ಸುರೀತಾರೆ ಸ್ವಾಮಿ? ಕರ್ರಗಾಗಿದ್ದಕ್ಕೇ ಮಾರನೇ ದಿನ ಹೊಸ ಎಣ್ಣೆ ಬೆರೆಸ್ತಾರೆ, ಇಲ್ಲಾಂದ್ರೆ ಮೋರಿಗೆ. ಅವ್ರನ್ನ ಬೈದು ಏನು ಬಂತು, ತಗೊಳ್ಳೋಕೆ ಯಾರೂ ಬರಲ್ವಲ್ಲ. (ನಾವು ತಿನ್ನೋರೂ ಎಣ್ಣೆ ಬಣ್ಣ ನೋಡಲ್ಲ, ಬಜ್ಜಿ ಬಣ್ಣ ನೋಡ್ತೀವಿ.)

ಹಾಸನದ ಮಡೆನೂರು ಬಯೋಫ್ಯೂಯೆಲ್ ಪಾರ್ಕಿಂದಾಗಿ ಹೊಂಗೆ, ಬೇವಿನ ಬೀಜನ ರೈತರ ಹತ್ರ ಕೂಡಿಸೋ ಅನುಭವ ನಮ್ಮ ರಾಜ್ಯಕ್ಕೆ ಮೊದ್ಲೇ ಇದೆ. ಅದೇ ಥರ ಕಸದ ಆಟೋ ಜೊತೇಲೇ ವಾರಕ್ಕೊಂದ್ಸಲ ಎಣ್ಣೆ ಕ್ಯಾನ್ ಕಳಿಸ್ಲಿ, ಅಳೆದು ಅಲ್ಲೇ ಫೋನಿಗೆ ದುಡ್ಡು ಹಾಕ್ಲಿ. ರೇಟ್ ಮಾತ್ರ, ಹಳೇ ಎಣ್ಣೆ ಕೊಂಡು ಸೋಸಿ ಮತ್ತೆ ಮಾರೋರಿಗಿಂತ ಒಂದ್ರೂಪಾಯಿ ಆದ್ರೂ ಜಾಸ್ತಿ ಇರ್ಬೇಕು, ಇಲ್ದಿದ್ರೆ ಕ್ಯಾನ್ ಖಾಲಿ ವಾಪಸ್ ಬರತ್ತೆ.

– ಒಬ್ಬ ಓದುಗ, ಬೆಂಗಳೂರು