ಟ್ರಂಕಿಗೆ ಸೇರಿದ ಅರ್ಜಿ

ಬ್ರಿಸ್ಟಲ್, ಇಂಗ್ಲೆಂಡ್

ಪ್ರೀತಿಯ ಅಪ್ಪ, ಅವ್ವ ಮತ್ತು ತಂಗಿಗೆ,

ಪ್ರಭು ಯೇಸುವಿನ ನಾಮದಲ್ಲಿ ವಂದನೆಗಳು. ನಾನು ಕ್ಷೇಮವಾಗಿದ್ದೇನೆ. ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಅವ್ವ, ನೀವು ಕಳಿಸಿದ ಶೇಂಗಾ ಹಿಂಡಿಯ ಅರ್ಧ ಡಬ್ಬಿಯನ್ನು ಆಸ್ಪತ್ರೆಯ ನಮ್ಮ ವಾರ್ಡಿನ ಕೇರಳದ ಹುಡುಗಿಯರೇ ಖಾಲಿ ಮಾಡಿದರು. ರೊಟ್ಟಿ ಇಲ್ಲದೆ, ಬರೀ ಅನ್ನಕ್ಕೆ ಕಲಸಿಕೊಂಡು!

ಪತ್ರ ಬರೆಯಲು ಕಾರಣ ಅಪ್ಪ ಫೋನಿನಲ್ಲಿ ಹೇಳಿದ ಮಾತು. ತಂಗಿ ಪಾದ್ರಿಯಾಗಲು ಓದುವ ಸೆಮಿನರಿಯ ಅರ್ಜಿಯನ್ನು ತುಂಬಿ, ಫೋಟೋ ಅಂಟಿಸಿ, ಸಹಿಯನ್ನೂ ಹಾಕಿ, ಆಮೇಲೆ ಹೆದರಿ ಟ್ರಂಕಿನೊಳಗೆ ಇಟ್ಟುಬಿಟ್ಟಿದ್ದಾಳೆ ಎಂದಿರಿ. ಅಷ್ಟಕ್ಕೇ ನಿಲ್ಲಿಸಲಿಲ್ಲ. “ಒಳ್ಳೆಯದೇ ಆಯಿತು ಬಿಡು, ಧೈರ್ಯವಿಲ್ಲದವಳಿಗೆ ದೇವರ ಸೇವೆ ಯಾಕೆ?” ಎಂದೂ ಹೇಳಿದಿರಿ. ಫೋನಿನಲ್ಲಿ ವಾದಿಸಿದರೆ ನಿಮ್ಮ ಬಿಪಿ ಏರುತ್ತದೆ, ನನ್ನ ದನಿಯೂ ಏರುತ್ತದೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ಅಪ್ಪ ಇದನ್ನು ಊಟವಾದ ಮೇಲೆ ಓದಲಿ.

ಅಪ್ಪ, ಬೈಬಲಿನ ದಂಡನಾಯಕ ಗಿದ್ಯೋನನ ಕತೆಯನ್ನು ಸಂಡೇ ಸ್ಕೂಲಿನಲ್ಲಿ ನನಗೆ ಹೇಳಿಕೊಟ್ಟವರು ನೀವೇ. ಈಗ ನೀವು ಯಾವ ವಚನ ತೆಗೆದು ನನ್ನ ಮುಂದೆ ಇಡುತ್ತೀರಿ ಎಂಬುದೂ ಗೊತ್ತು. ಅಂಜುವವರು ಮನೆಗೆ ಹೋಗಲಿ ಎಂದಾಗ ಅವನ ದಂಡಿನ 32,000 ಜನರಲ್ಲಿ 22,000 ಜನ ಹಿಂದಿರುಗಿದರಲ್ಲ, ಅದು. ಸರಿ, ಅದೇ ಅಧ್ಯಾಯವನ್ನು ಇನ್ನು ಕೆಲವು ವಚನ ಮುಂದೆ ಓದಿ. ಆ ರಾತ್ರಿ ದೇವರು ಗಿದ್ಯೋನನಿಗೆ, ವೈರಿಗಳ ಪಾಳೆಯಕ್ಕೆ ಇಳಿದು ಹೋಗು, ಹೋಗಲು ಹೆದರಿಕೆಯಾದರೆ ನಿನ್ನ ಆಳು ಪುರಾನನ್ನು ಜೊತೆಗೆ ಕರೆದುಕೊಂಡು ಹೋಗು ಎನ್ನುತ್ತಾನೆ. ಗಿದ್ಯೋನ ಒಬ್ಬನೇ ಹೋದನೇ? ಇಲ್ಲ, ಪುರಾನನ್ನು ಕರೆದುಕೊಂಡೇ ಹೋದ. ಎಂದರೆ ದಂಡಿನ ನಾಯಕನಿಗೂ ಪುಕ್ಕಲು ಇತ್ತು. ಅವನನ್ನು ದೇವರು ಮನೆಗೆ ಕಳಿಸಲಿಲ್ಲ, ಬೈಯಲೂ ಇಲ್ಲ, ಜೊತೆಗೊಬ್ಬನನ್ನು ಕೊಟ್ಟ. ದೇವದೂತ ಅವನನ್ನು ಮೊದಲು “ಪರಾಕ್ರಮಶಾಲಿ” ಎಂದು ಕರೆದಾಗಲಾದರೂ ಅವನು ಏನು ಮಾಡುತ್ತಿದ್ದ? ವೈರಿಗಳಾದ ಮಿದ್ಯಾನ್ಯರ ಕಣ್ಣಿಗೆ ಬೀಳಬಾರದೆಂದು ದ್ರಾಕ್ಷಿ ಹಿಂಡುವ ಆಲೆಯ ತಗ್ಗಿನೊಳಗೆ ಅಡಗಿ ಗೋಧಿ ಬಡಿಯುತ್ತಿದ್ದ. ಕಣದಲ್ಲಿ ಮಾಡುವ ಕೆಲಸವನ್ನು ತಗ್ಗಿನಲ್ಲಿ ಕುಳಿತು ಮಾಡುವವನ ಧೈರ್ಯ ಎಷ್ಟಿದ್ದೀತು ಎಂಬುದನ್ನು ರಾಶಿ ಮಾಡುವ ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಭಯವೆಂದರೆ ಅಪನಂಬಿಕೆ, ಭಯವೆಂದರೆ ಪಾಪ ಎಂದು ಮೈಕಿನಲ್ಲಿ ಕೂಗುವ ಪ್ರಸಂಗಿಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆಪರೇಷನ್ ಥಿಯೇಟರಿಗೆ ಹೋಗುವ ಮೊದಲು ನಡುಗುವ ರೋಗಿಗೆ “ನಡುಗಬೇಡ” ಎಂದರೆ ನಡುಕ ನಿಲ್ಲುವುದಿಲ್ಲ. ಕೈ ಹಿಡಿದು ಬಾಗಿಲ ತನಕ ಜೊತೆಗೆ ನಡೆಯಬೇಕು. ಬೈಬಲಿನಲ್ಲಿ “ಭಯಪಡಬೇಡ” ಎಂದಿರುವ ಎಷ್ಟೋ ಕಡೆ ಪಕ್ಕದಲ್ಲೇ “ನಾನು ನಿನ್ನ ಸಂಗಡ ಇದ್ದೇನೆ” ಎಂದೂ ಇದೆ. ಮೊದಲ ಅರ್ಧ ಹೇಳಿ ಎರಡನೆಯದನ್ನು ನುಂಗುವವರೇ ಹೆಚ್ಚು.

ತಂಗಿ, ಈಗ ನಿನಗೆ. ಈ ಊರಿನ ಬ್ರಾಡ್‌ಮೀಡ್ ಎಂಬ ಪೇಟೆಯಲ್ಲಿ, ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿಗಳ ನಡುವೆ, ನ್ಯೂ ರೂಮ್ ಎಂಬ ಹಳೆಯ ಪ್ರಾರ್ಥನಾ ಮಂದಿರವಿದೆ. 1739ರಲ್ಲಿ ನಮ್ಮ ಮೆಥೋಡಿಸ್ಟ್ ಸಭೆಗೆ ಮೂಲನಾದ ಜಾನ್ ವೆಸ್ಲಿ ಕಟ್ಟಿಸಿದ್ದು, ಲೋಕದ ಮೆಥೋಡಿಸ್ಟ್ ಕಟ್ಟಡಗಳಲ್ಲೆಲ್ಲ ಹಳೆಯದು. ಅಂಗಳದಲ್ಲಿ ಕುದುರೆ ಏರಿದ ವೆಸ್ಲಿಯ ಪ್ರತಿಮೆ, ಒಳಗೆ ಒಂದರ ಮೇಲೊಂದಾಗಿ ಎರಡು ಅಂತಸ್ತಿನ ಪ್ರಸಂಗ ಪೀಠ, ತಲೆಯ ಮೇಲೆ ಎಂಟು ಮೂಲೆಯ ಬೆಳಕಿಂಡಿ. ನಮ್ಮ ಮಂಗಲಪೇಟೆಯ ಚರ್ಚಿನ ಮುಂದೆ ಇದು ಬಲು ಚಿಕ್ಕದು. ಆದರೂ ಬೀದರಿನ ನಮ್ಮ ಸಭೆಯ ಬೇರು ಇಲ್ಲಿದೆಯಲ್ಲ ಎಂದುಕೊಂಡು ಬೆಂಚಿನ ಮೇಲೆ ಕುಳಿತಾಗ ನನಗೆ ನಿನ್ನದೇ ನೆನಪು.

ಯಾಕೆ ಎಂದರೆ, ಈ ವೆಸ್ಲಿ ಹುಟ್ಟಾ ಧೈರ್ಯವಂತನಲ್ಲ. 1736ರ ಜನವರಿಯಲ್ಲಿ ಅಮೆರಿಕಕ್ಕೆ ಹೋಗುವ ಹಡಗು ಬಿರುಗಾಳಿಗೆ ಸಿಕ್ಕಿತು. ಅಲೆ ಬಡಿದು ದೊಡ್ಡ ಹಾಯಿ ಹರಿಯಿತು. ಅದೇ ಹಡಗಿನಲ್ಲಿದ್ದ ಮೊರೇವಿಯನ್ ಎಂಬ ಪಂಗಡದ ಕ್ರೈಸ್ತರು ಕೀರ್ತನೆ ಹಾಡುತ್ತಲೇ ಇದ್ದರು, ಪಾದ್ರಿ ವೆಸ್ಲಿಗೆ ಮಾತ್ರ ಸಾವಿನ ಭಯ. ಎರಡು ವರ್ಷಗಳ ಮೇಲೆ, ನನ್ನಲ್ಲಿ ನಂಬಿಕೆಯೇ ಇಲ್ಲ, ಪ್ರಸಂಗ ಬಿಟ್ಟುಬಿಡಲೇ ಎಂದು ಪೀಟರ್ ಬೋಲರ್ ಎಂಬ ಮೊರೇವಿಯನ್ ಗೆಳೆಯನನ್ನು ಕೇಳಿದ. ಬಿಡಬೇಡ, ನಂಬಿಕೆ ಬರುವ ತನಕ ನಂಬಿಕೆಯನ್ನು ಸಾರು, ಬಂದ ಮೇಲೆ ಬಂದಿದೆ ಎಂದು ಸಾರುತ್ತೀಯೆ ಎಂದನಂತೆ ಬೋಲರ್. ಚರ್ಚಿನ ಗೋಡೆಯ ಹೊರಗೆ ಆತ್ಮಗಳ ರಕ್ಷಣೆಯಾಗುವುದೇ ಹೆಚ್ಚುಕಡಿಮೆ ಪಾಪ ಎಂದು ತಿಳಿದಿದ್ದ ಅದೇ ಮನುಷ್ಯ 1739ರ ಏಪ್ರಿಲ್ 2ರಂದು ಇದೇ ಬ್ರಿಸ್ಟಲ್ಲಿನ ಅಂಚಿನ ಬಯಲಿನಲ್ಲಿ ನಿಂತು ಸುಮಾರು 3,000 ಜನರಿಗೆ ಸಾರಿದ. ಮನಸ್ಸಿಲ್ಲದ ಮನಸ್ಸಿನಿಂದಲೇ ಹೋಗಿದ್ದ.

ಅವನು ಗಂಡಸು, ಆಕ್ಸ್‌ಫರ್ಡಿನಲ್ಲಿ ಓದಿದವನು ಎನ್ನುತ್ತೀಯಾ? ಹಾಗಾದರೆ ವೆಸ್ಲಿಯ ಸಭೆಯವಳೇ ಆದ ಸಾರಾ ಕ್ರಾಸ್ಬಿಯ ವಿಷಯ ಕೇಳು. 1761ರಲ್ಲಿ ಡಾರ್ಬಿ ಊರಿನಲ್ಲಿ ಒಂದು ಚಿಕ್ಕ ಕೂಟ ನಡೆಸಲು ಹೋದಳು. 30 ಜನ ಬಂದಾರು ಎಂದುಕೊಂಡಿದ್ದಲ್ಲಿ ಸುಮಾರು 200 ಜನ ಬಂದು ಕುಳಿತರು. ಒಬ್ಬೊಬ್ಬರನ್ನೂ ವಿಚಾರಿಸಿ ಮಾತಾಡುವುದು ಸಾಧ್ಯವಿರಲಿಲ್ಲ. ಹೆಂಗಸು ಸಭೆಯಲ್ಲಿ ಹೀಗೆ ಮಾತಾಡಬಹುದೇ ಎಂಬ ಅಳುಕು ಇಟ್ಟುಕೊಂಡೇ ಕೀರ್ತನೆ ಹಾಡಿಸಿ, ಪ್ರಾರ್ಥಿಸಿ, ದೇವರು ತನಗೆ ಮಾಡಿದ್ದನ್ನು ಹೇಳಿದಳು. ತಪ್ಪಾಯಿತೇ ಎಂದು ವೆಸ್ಲಿಗೆ ಕಾಗದ ಬರೆದಳು. ಇದುವರೆಗೆ ನೀನು ಮಿತಿ ಮೀರಿಲ್ಲ, ಇದಕ್ಕಿಂತ ಕಡಿಮೆ ಮಾಡಲು ಆಗುತ್ತಲೂ ಇರಲಿಲ್ಲ ಎಂದು ಉತ್ತರ ಬಂತು. ಹತ್ತು ವರ್ಷದ ಮೇಲೆ, 1771ರಲ್ಲಿ, ಮೇರಿ ಬೋಸಾಂಕೆಟ್ ಎಂಬ ಇನ್ನೊಬ್ಬ ಹೆಂಗಸು ಇದೇ ಪ್ರಶ್ನೆ ಕೇಳಿದಾಗ ನಿನಗೆ ದೇವರ ವಿಶೇಷವಾದ ಕರೆ ಇದೆ ಎಂದೇ ವೆಸ್ಲಿ ಬರೆದ. ನಮ್ಮ ಸಭೆ ಅಮೆರಿಕದ ಮೆಥೋಡಿಸ್ಟ್ ಸಭೆಯೊಂದಿಗೆ ಸೇರಿದ್ದ ಕಾಲದಲ್ಲಿ, 1956ರಲ್ಲೇ, ಹೆಂಗಸರಿಗೆ ಪಾದ್ರಿಯ ಪೂರ್ಣ ಹಕ್ಕು ಸಿಕ್ಕಿತು. ಆದ್ದರಿಂದ ಅವ್ವ, “ಹೆಣ್ಣುಮಗಳು ಪೀಠ ಹತ್ತಿದರೆ ಮಂದಿ ಏನೆಂದಾರು” ಎಂಬ ಮಾತು ನಮ್ಮ ಓಣಿಯದು, ಸಭೆಯದಲ್ಲ.

ತಂಗಿ, ಕರೆ ನಿಜವೋ ನನ್ನ ಮನಸ್ಸಿನ ಆಟವೋ ಎಂದು ನೀನು ಕೇಳಿದ್ದೆ. ಡಿಸೆಂಬರಿನಲ್ಲಿ ನಾನು ರಜೆಗೆ ಬಂದಾಗ ಹುಮನಾಬಾದ್ ಕಡೆಯ ಹಳ್ಳಿಯ ಪ್ರಾರ್ಥನಾ ಕೂಟಕ್ಕೆ ಹೋಗಿದ್ದೆವಲ್ಲ. ಪಾಸ್ಟರರ ಬೈಕು ದಾರಿಯಲ್ಲಿ ಪಂಕ್ಚರ್ ಆಗಿ, ನೀವೇ ಶುರುಮಾಡಿ ಎಂದು ಫೋನ್ ಬಂತು. ಹೆಂಗಸರು ಹಸಿ ತೊಗರಿಕಾಯಿ ಸುಲಿಯುತ್ತಾ ಕುಳಿತಿದ್ದರು. ನೀನು ಲೂಕನ ಸುವಾರ್ತೆ ತೆರೆದೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಭಾಗ. ಬೈಬಲ್ ಹಿಡಿದ ನಿನ್ನ ಕೈ ನಡುಗಿ ಹಾಳೆ ಪಟಪಟ ಎನ್ನುತ್ತಿತ್ತು, ಎದುರಿನ ಸಾಲಿನಲ್ಲಿದ್ದ ನನಗೂ ಕೇಳಿಸಿತು. ಆದರೆ ಆ ಹೆಂಗಸು ಯಾರಿಗೂ ಹೇಳಿಕೊಳ್ಳಲಾಗದ ಕಾಯಿಲೆಯನ್ನು ಹೊತ್ತು ಗುಂಪಿನ ಹಿಂದಿನಿಂದ ಬಂದದ್ದನ್ನು ನೀನು ವಿವರಿಸಿದ ರೀತಿಗೆ ತೊಗರಿ ಸುಲಿಯುವ ಕೈಗಳು ಒಂದೊಂದಾಗಿ ನಿಂತವು. ಓದು ಬಾರದ ಆ ಮುದುಕಿ, ಹಲ್ಲಿಲ್ಲದವರು, “ಅದನ್ನು ಇನ್ನೊಮ್ಮೆ ಓದು ತಾಯಿ” ಎಂದರು. ಎಷ್ಟೋ ಪ್ರಸಂಗ ಕೇಳಿದ್ದೇನೆ, ಇನ್ನೊಮ್ಮೆ ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಕರೆಯನ್ನು ಒಳಗೆ ಹುಡುಕುತ್ತಾ ಕೂರುವುದಕ್ಕಿಂತ ಯಾರು ನಿನ್ನಿಂದ ಏನು ಕೇಳುತ್ತಿದ್ದಾರೆ ಎಂದು ನೋಡು. ಇನ್ನೊಂದು ಮಾತು, ಆ ಹೆಂಗಸೂ ನಡುಗುತ್ತಲೇ ಬಂದು ಎಲ್ಲರ ಮುಂದೆ ನಡೆದದ್ದನ್ನು ಹೇಳಿದಳು ಎಂದೇ ಲೂಕ ಬರೆದಿದ್ದಾನೆ. ನೀನೇ ಓದಿದ ವಚನ ಅದು.

ಇನ್ನು ಲೆಕ್ಕಾಚಾರ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಕನ್ನಡದಲ್ಲೇ ದೇವಶಾಸ್ತ್ರ ಓದಬಹುದು, ಇಂಗ್ಲಿಷಿನ ನೆಪ ಹೇಳುವಂತಿಲ್ಲ. ಬೀದರಿನಿಂದ ದೂರ, ಒಪ್ಪುತ್ತೇನೆ. ನಾನು ನರ್ಸಿಂಗ್ ಓದಲು ಹೈದರಾಬಾದಿಗೆ ಹೊರಟಾಗಲೂ ಅಪ್ಪ ಇದೇ ಮುಖ ಮಾಡಿದ್ದಿರಿ, ಈಗ ಓಣಿಯವರಿಗೆಲ್ಲ “ನಮ್ಮ ದೊಡ್ಡಾಕೆ ಲಂಡನ್ನಿನಲ್ಲಿದ್ದಾಳೆ” ಎನ್ನುತ್ತೀರಿ. ಬ್ರಿಸ್ಟಲ್ ಲಂಡನ್ ಅಲ್ಲ ಎಂದು ಎಷ್ಟು ಸಲ ಹೇಳಿದರೂ ಅಷ್ಟೇ. ಫೀಸು, ಹಾಸ್ಟೆಲ್ ಖರ್ಚು ನನ್ನದು. ಮದುವೆಯ ಮಾತನ್ನು ಓದು ಮುಗಿಯುವ ತನಕ ಯಾರೂ ಎತ್ತಬಾರದು, ಅತ್ತೆಯೂ ಸೇರಿದಂತೆ.

ಪಾಸ್ಟರರ ಶಿಫಾರಸು ಪತ್ರ ಬೇಕಾಗುತ್ತದೆ, ಡಿ.ಎಸ್. (ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್) ಸಾಹೇಬರನ್ನೂ ಕಾಣಬೇಕು. ತಂಗಿಯನ್ನು ಒಬ್ಬಳನ್ನೇ ಕಳಿಸಬೇಡಿ. ಅಪ್ಪ, ನೀವು ಜೊತೆಗೆ ಹೋಗಿ. ನೀವು ಬಾಯಿ ತೆರೆಯದಿದ್ದರೂ ಪರವಾಗಿಲ್ಲ, ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರೆ ಸಾಕು. ತಂಗಿ, ಅರ್ಜಿಯಲ್ಲಿ ನಿನ್ನ ನಂಬಿಕೆಯ ಸಾಕ್ಷಿ ಬರೆಯುವ ಜಾಗದಲ್ಲಿ ಆ ಹಳ್ಳಿಯ ಕೂಟದ ವಿಷಯವನ್ನೇ ಬರೆ, ಕೈ ನಡುಗಿದ್ದನ್ನೂ ಮುಚ್ಚಿಡಬೇಡ. ಭಾನುವಾರ ನನಗೆ ರಾತ್ರಿ ಪಾಳಿ ಇಲ್ಲ, ಆರಾಧನೆ ಮುಗಿಸಿ ಬಂದ ಮೇಲೆ ಫೋನ್ ಮಾಡು, ಬರೆದದ್ದನ್ನು ನನಗೆ ಓದಿ ಹೇಳು.

ನಿಮ್ಮ ಮಗಳು,
ನಿನ್ನ ಅಕ್ಕ