ನಿನ್ನ ಪ್ಲಾಟು, ನನ್ನ ಭಾಷಣ

ದೋಸ್ತ,

"ಮನೆ ಕಟ್ಟಲೋ, ಕಾಂಪ್ಲೆಕ್ಸ್ ಕಟ್ಟಲೋ, ಒಂದೇ ಮಾತಿನಲ್ಲಿ ಹೇಳು" ಅಂತ ವಾಯ್ಸ್ ಮೆಸೇಜ್ ಹಾಕಿದ್ದೀಯ. ಒಂದೇ ಮಾತಿನಲ್ಲಿ ನಾನು ಯಾವತ್ತು ಏನು ಹೇಳಿದ್ದೇನೆ? ಪಿಯುಸಿ ಲ್ಯಾಬಿನ ಪಿಪೆಟ್ ವಿಷಯ ನೆನಪಿಸಿಕೊ. ಅದಕ್ಕೇ ಪತ್ರ. ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಹಾಕುತ್ತಿದ್ದೇನೆ. ಕಲಬುರಗಿಯಲ್ಲಿ ಪ್ಲಾಟು, ಬೆಂಗಳೂರು-ಪುಣೆಯಲ್ಲಿ ಬಾಡಿಗೆ ಮನೆ ಇರುವ ನಿನ್ನಂಥವರು ಬಹಳ ಮಂದಿ ಇದ್ದಾರೆ. (ವೈನಿ ಓದುತ್ತಾರೆ ಅಂತ ಗೊತ್ತು. ನಮಸ್ಕಾರ ವೈನಿ. ಪಿಪೆಟ್ ಬಗ್ಗೆ ಅವನನ್ನೇ ಕೇಳಿ.)

ನಮ್ಮ ಲೇಔಟಿನ ಜಗಳ ನಿನ್ನ ತನಕ ಮುಟ್ಟಿರಬೇಕು. ದೊಡ್ಡ ರಸ್ತೆಗೆ ಹತ್ತಿದ ಕಾರ್ನರ್ ಪ್ಲಾಟಿನವರು ಫಂಕ್ಷನ್ ಹಾಲ್ ಕಟ್ಟುತ್ತಾರಂತೆ. ಅರ್ಧ ಮಂದಿ "ಬರಲಿ, ರೇಟು ಏರುತ್ತದೆ" ಅಂತಾರೆ. ಇನ್ನರ್ಧ ಮಂದಿ "ಡಿಜೆ ಹಚ್ಚಿದರೆ ಮಲಗೋದು ಎಲ್ಲಿ?" ಅಂತಾರೆ. ಇಬ್ಬರದೂ ಖರೆ. ನಮ್ಮ ಲೇಔಟಿನ ಕಡೆಯ ಸೇಡಂ ರಸ್ತೆ ನಾವು ಸೈಕಲ್ ಹೊಡೆದ ರಸ್ತೆಯಾಗಿ ಉಳಿದಿಲ್ಲ. ಯೂನಿವರ್ಸಿಟಿ ಮೊದಲೇ ಇತ್ತು. ಆಮೇಲೆ ಇಎಸ್‌ಐ ಆಸ್ಪತ್ರೆ ಬಂತು. 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅದೇ ವರ್ಷ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಈ ಸೀಮೆಯದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿತು. ಅದೇ ವರ್ಷ ನಾವಿಬ್ಬರೂ ತೊಗರಿ ಹೊಲದಲ್ಲಿ ನೆಟ್ಟ ಕಲ್ಲು ನೋಡಿ ಅಡ್ವಾನ್ಸ್ ಕೊಟ್ಟು ಬಂದೆವು.

ಹನುಮಪ್ಪನ ಗುಡಿಯಲ್ಲಿ ಮೀಟಿಂಗ್ ಆಯಿತು. ನಾನು ಭಾಷಣ ಮಾಡಿದೆ, ನೀನಿದ್ದರೆ ಎದ್ದು ಹೊರಗೆ ಹೋಗುತ್ತಿದ್ದೆ. ಹೊಲ ಎನ್‌ಎ, ಅಂದರೆ ಬೇಸಾಯ ಬಿಟ್ಟು ಬೇರೆ ಬಳಕೆಯ ಜಾಗ, ಆಗೋದು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ. ವಸತಿಗೆ ಅಂತ ಮಾಡಿಸಿದ ಜಾಗವನ್ನು ವ್ಯಾಪಾರಕ್ಕೆ ಬಳಸಬೇಕೆಂದರೆ ಮತ್ತೆ ಅನುಮತಿ ಬೇಕು. ಊರಿನ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ವಸತಿಯ ಹಳದಿ ಬಣ್ಣ ವಾಣಿಜ್ಯದ ನೀಲಿ ಆಗಬೇಕು. ಅದಕ್ಕೆ 1961ರ ಯೋಜನಾ ಕಾಯ್ದೆ ಪ್ರಕಾರ ಪೇಪರಿನಲ್ಲಿ ನೋಟಿಸ್ ಕೊಟ್ಟು ಜನರ ತಕರಾರು ಕೇಳಬೇಕು. ಸಪ್ಪಳಕ್ಕೂ 2000ನೇ ಇಸವಿಯ ನಿಯಮ ಇದೆ: ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45. ವಾಣಿಜ್ಯಕ್ಕಾದರೆ 65, 55. ಇಷ್ಟೂ ಹೇಳಿದೆ. ರಿಟೈರ್ಡ್ ಮಂದಿ ಚಪ್ಪಾಳೆ ಹೊಡೆದರು.

ಹಿಂದೆ ಕೂತಿದ್ದ ಒಬ್ಬ ಅಜ್ಜಿ ಕೇಳಿದರು: "ಎಲ್ಲಾ ಖರೆ ಅದ ಸರ. ಸಂಜಿಗೆ ಹಾಲು ಒಡೆದರ ನಾ ರಿಂಗ್ ರೋಡಿಗೆ ಹೋಗಬೇಕು. ಬರೂ ದಾರ್ಯಾಗ ಒಂದು ಲೈಟ್ ಇಲ್ಲ, ಒಂದು ಮನಿ ಇಲ್ಲ. ಬರೇ ನಾಯಿ. ಅದಕ್ಕ ಯಾವ ಕಲಂ ಅದ?"

ನನ್ನ ಹತ್ತಿರ ಕಲಂ ಇರಲಿಲ್ಲ. ಮನೆಗೆ ಬಂದು ಮಾಳಿಗೆ ಹತ್ತಿ ನೋಡಿದೆ. ವಸತಿಯೋ ವಾಣಿಜ್ಯವೋ ಅಂತ ನಾವು ಹೊಡೆದಾಡುತ್ತಿದ್ದೇವೆ, ಇಲ್ಲಿ ಎರಡೂ ಇಲ್ಲ. ಅಲ್ಲೊಂದು ಇಲ್ಲೊಂದು ಮನೆ, ಉಳಿದದ್ದೆಲ್ಲ ಜಾಲಿ ಮತ್ತು ಗಡಿಕಲ್ಲು. ರೇಟು ಬರಲಿ ಅಂತ ಕಾಯುತ್ತಿರುವ ನೆಲ. ಇದಕ್ಕೆ ಪ್ಲಾನಿನಲ್ಲಿ ಬಣ್ಣವೇ ಇಲ್ಲ. ಮಂದಿ ಇಲ್ಲ ಅಂತ ನಲ್ಲಿ, ಬಸ್ಸು ಬರೋದಿಲ್ಲ. ಅವು ಬಂದಿಲ್ಲ ಅಂತ ಯಾರೂ ಮನೆ ಕಟ್ಟೋದಿಲ್ಲ. ಕಿರಾಣಾ ಬಜಾರಿನ ನಮ್ಮ ಹಳೇ ಮನೆ ನೆನಪಿದೆ ಅಲ್ವಾ? ಕೆಳಗೆ ಅಂಗಡಿ, ಮೇಲೆ ನಾವು. ಅವ್ವ ಮೇಲಿನಿಂದಲೇ ಅಂಗಡಿಯವನ ಜೊತೆ ದಿನಾ ಜಗಳ ಆಡುತ್ತಿದ್ದಳು. ಇಲ್ಲಿ ಅವಳಿಗೆ ಜಗಳಕ್ಕೂ ಯಾರೂ ಸಿಗೋದಿಲ್ಲ. ಟಿವಿಯವರನ್ನೇ ಬೈಯುತ್ತಾಳೆ.

ಸರಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ಕಾಂಪ್ಲೆಕ್ಸ್ ಬೇಡ. ಒಳಗಿನ ಸಣ್ಣ ರಸ್ತೆಯಲ್ಲಿ ಮಳಿಗೆ ಕಟ್ಟಿದರೆ ಬಾಡಿಗೆಗೆ ಯಾರು ಬರುತ್ತಾರೆ? ಕರಿ ಮಣ್ಣು ಬೇರೆ, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಪಾಯಕ್ಕೇ ಅರ್ಧ ಜೀವ ಹೋಗುತ್ತದೆ. ಮನೆ ಕಟ್ಟು. ಮುಂದೆ ಒಂದು ಸಣ್ಣ ಅಂಗಡಿಗೆ ಪರ್ಮಿಷನ್ ಕೇಳು. ಹಾಲು, ಮೊಸರು, ತಲೆನೋವಿನ ಗುಳಿಗೆ ಸಿಕ್ಕರೆ ಸಾಕು.

ಇನ್ನೊಂದು ಮಾತಿದೆ. ಬರೆಯಬಾರದು ಅಂದುಕೊಂಡಿದ್ದೆ. ಹೋಳಿ ಮುಗಿದ ಮೇಲೆ ಒಬ್ಬ ಏಜೆಂಟ್ ಬಂದು ನಿನ್ನ ನಂಬರ್ ಕೇಳಿದ. ಬೆಲೆ ಚೆನ್ನಾಗಿಯೇ ಹೇಳಿದ. "ಅವರು ಮಾರೋದಿಲ್ಲ, ಮನೆ ಕಟ್ಟುತ್ತಾರೆ" ಅಂದು ಕಳಿಸಿಬಿಟ್ಟೆ. ಮತ್ತೆ ಬಂದ, ಮತ್ತೆ ಅದೇ ಹೇಳಿದೆ. ನಿನಗೆ ಹೇಳಿದರೆ ನೀನು ಹೂಂ ಅಂದುಬಿಡುತ್ತೀಯ ಅನ್ನೋ ಹೆದರಿಕೆ. ಭಾಷಣದಲ್ಲಿ 45 ಡೆಸಿಬೆಲ್ ಅಂದೆನಲ್ಲ, ನಮ್ಮ ಓಣಿಯಲ್ಲಿ ರಾತ್ರಿ ಅಷ್ಟು ಸಪ್ಪಳವೂ ಇರೋದಿಲ್ಲ. ಊಟ ಆದ ಮೇಲೆ ಯಾರಾದರೂ ಗೇಟ್ ಬಡಿದು "ಬಾ, ಸುಮ್ನೆ ಒಂದು ಸುತ್ತು ಹಾಕೋಣ" ಅನ್ನಲಿ ಅನ್ನಿಸುತ್ತದೆ. ಈ ವಯಸ್ಸಿಗೆ ಹೊಸ ಗೆಳೆತನ ಹೇಗೆ ಮಾಡಬೇಕೋ ನನಗೆ ತಿಳಿಯದು. ಪಕ್ಕದ ಪ್ಲಾಟು ನಿನ್ನದು ಅನ್ನೋ ಧೈರ್ಯದ ಮೇಲೆಯೇ ನಾನು ಇಲ್ಲಿಗೆ ಬಂದದ್ದು.

ಸಾಕು. ಮೇ ತಿಂಗಳ ಬಿಸಿಲಿಗೆ ತಲೆ ಕೆಟ್ಟಿದೆ ಅಂತ ತಿಳಿ. ಆ ಏಜೆಂಟೂ ಇಲ್ಲಿ ನನ್ನ ಫ್ರೆಂಡ್ ಲಿಸ್ಟಿನಲ್ಲೇ ಇದ್ದಾನೆ, ಇಷ್ಟೊತ್ತಿಗೆ ಓದಿರುತ್ತಾನೆ. ನಿನ್ನನ್ನು ಟ್ಯಾಗ್ ಬೇರೆ ಮಾಡಿದ್ದೇನೆ. ಮಾರಿದರೆ ನನಗೂ ಎರಡು ಪರ್ಸೆಂಟ್ ಕಮಿಷನ್ ಬರಬೇಕು, ಹೇಳಿರುತ್ತೇನೆ. ಮತ್ತೆ, ನಿನ್ನ ಪ್ಲಾಟಿನ ಜಾಲಿ ಕಡಿಸಿದ ದುಡ್ಡು ಹೋದ ದೀಪಾವಳಿಯಿಂದ ಬಾಕಿ ಇದೆ. ಇವತ್ತೇ ಫೋನ್‌ಪೇ ಮಾಡು.

ನಿನ್ನ,
ಪಕ್ಕದ ಪ್ಲಾಟಿನವನು