ಹಿಕ್ಕೆ ವಿಚಾರಿಸಿದ ಎಲ್ಲರಿಗೂ

ನಿನ್ನೆ ನಮ್ಮ ಮೊಲ ಬೆಲ್ಲನ ಕಾಲಿನ ಪಟ್ಟಿ ಬಿಚ್ಚಿದರು. ಆರು ವಾರ ಆಗಿತ್ತು. ಬಿಚ್ಚಿದ ಕೂಡಲೇ ಓಡಲಿಲ್ಲ. ಮೇಜಿನ ಮೇಲೆ ಕೂತು ಆ ಕಾಲನ್ನೇ ತುಂಬಾ ಹೊತ್ತು ನೆಕ್ಕಿಕೊಂಡ. ಆಮೇಲೆ ಡಾಕ್ಟರ ಪೆನ್ನಿಗೆ ಬಾಯಿ ಹಾಕಿದ. ಹುಷಾರಾಗಿದ್ದಾನೆ ಅಂತ ಆಗಲೇ ಗೊತ್ತಾಯಿತು.

ಅವನ ಬಣ್ಣ ಆಲೆಮನೆ ಬೆಲ್ಲದ್ದೇ. ಮಂಡ್ಯದಲ್ಲಿದ್ದುಕೊಂಡು ಬೇರೆ ಹೆಸರು ಹುಡುಕೋದ್ಯಾಕೆ? ಕಾಲು ಮುರಿದದ್ದು ನನ್ನ ತಪ್ಪಿನಿಂದ. ಗೂಡಿನ ತಳಕ್ಕೆ ಕಬ್ಬಿಣದ ಜಾಲರಿ ಇತ್ತು. ತೊಳೆಯಲು ಸುಲಭ ಅಂತ ಹಾಗೇ ಬಿಟ್ಟಿದ್ದೆ. ಒಂದು ರಾತ್ರಿ ಹಿಂಗಾಲು ಅದರಲ್ಲಿ ಸಿಕ್ಕಿಕೊಂಡಿತು. ಗಾಬರಿಯಲ್ಲಿ ಒದ್ದ, ಮಂಡಿ ಕೆಳಗಿನ ಮೂಳೆ ಮುರಿಯಿತು. ಮೊಲದ ಮೂಳೆಯೆಲ್ಲ ಸೇರಿದರೂ ಮೈತೂಕದ ನೂರರಲ್ಲಿ 8 ಪಾಲು ಅಷ್ಟೇ. ಕಾಲಿನ ಬಲ ಮಾತ್ರ ಜಾಸ್ತಿ. ಅದರ ಒದೆತಕ್ಕೆ ಅದರ ಮೂಳೆಯೇ ತಡೆಯೋದಿಲ್ಲ ಅಂತ ಡಾಕ್ಟರ್ ಹೇಳಿದಾಗ ನಾನು ನೆಲ ನೋಡುತ್ತಾ ನಿಂತಿದ್ದೆ.

‘ಮೊಲಕ್ಕೆಲ್ಲ ಎಕ್ಸ್‌ರೇನಾ? ಇನ್ನೊಂದು ತಗೊಳ್ಳಿ’ ಅಂದವರೂ ಇದ್ದರು. ಅವರ ಸುದ್ದಿ ಬೇಡ.

ಮೊದಲ ನಮಸ್ಕಾರ ನಮ್ಮ ಬೀದಿಯ ಆಟೊ ಅಣ್ಣನಿಗೆ. ಮೈಸೂರಿಗೆ ಹೋಗಬೇಕಿತ್ತು, ಸುಮಾರು 45 ಕಿ.ಮೀ. 2023ರ ಆಗಸ್ಟ್‌ನಿಂದ ಆಟೊಗಳು ಎಕ್ಸ್‌ಪ್ರೆಸ್‌ ಹೆದ್ದಾರಿಗೆ ಇಳಿಯುವಂತಿಲ್ಲ. ಸರ್ವಿಸ್ ರಸ್ತೆಯಲ್ಲೇ ಶ್ರೀರಂಗಪಟ್ಟಣ ದಾಟಿ ಹೋದೆವು. ಪ್ರತಿ ಹಂಪ್‌ಗೂ ‘ಹಿಡ್ಕೊಳಿ ಅಕ್ಕಾ’ ಅಂತ ಹೇಳಿ, ಬಸುರಿಯನ್ನು ಕರೆದುಕೊಂಡು ಹೋಗುವ ಹಾಗೆ ಓಡಿಸಿದರು. ಕಾಯ್ದದ್ದಕ್ಕೆ ದುಡ್ಡು ತಗೊಳ್ಳಲಿಲ್ಲ.

ಡಾಕ್ಟರಿಗೆ ಬೈಗುಳಕ್ಕೂ ಸೇರಿಸಿ ಧನ್ಯವಾದ. ಪ್ರಜ್ಞೆ ತಪ್ಪಿಸುವ ಮದ್ದು ಕೊಡುತ್ತಾರೆ, ಹೊಟ್ಟೆ ಖಾಲಿ ಇರಲಿ ಅಂತ ನಾನು ಸೊಪ್ಪು ಕೊಡದೆ ಕರೆದುಕೊಂಡು ಹೋಗಿದ್ದೆ. ಮೊಲಕ್ಕೆ ವಾಂತಿ ಮಾಡಲು ಬರೋದೇ ಇಲ್ಲ, ಹಾಗಾಗಿ ಉಪವಾಸ ಬೇಡ. ತಿನ್ನದಿದ್ದರೆ ಕರುಳು ಓಡಾಡೋದು ನಿಲ್ಲುತ್ತದೆ, ಅದೇ ಪ್ರಾಣಕ್ಕೆ ಕುತ್ತು. ‘ಕಾಲು ನಾನು ನೋಡ್ಕೋತೀನಿ, ನೀವು ಹಿಕ್ಕೆ ಎಣಿಸಿ’ ಅಂದರು.

ಎಣಿಸಿದೆವು. ಮಾರನೆಯ ದಿನ ಸಂಜೆಯವರೆಗೆ ಒಂದೂ ಇಲ್ಲ. ನೋವಿನ ಮದ್ದು ಕೊಟ್ಟು, ಮೇವಿನ ಪುಡಿಯನ್ನು ನೀರಲ್ಲಿ ಕಲಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ತಿನ್ನಿಸಿದೆವು. ಬೆಳಗಿನ ಜಾವ ನಾಲ್ಕಕ್ಕೆ ಏಳು ಹಿಕ್ಕೆ ಕಂಡವು, ಮೆಣಸಿನ ಕಾಳಿನಷ್ಟು. ಅಮ್ಮನನ್ನು ಎಬ್ಬಿಸಿದೆ. ಮೊಲ ಒಳಗೆ ಕಾಲಿಡಬಾರದು ಅನ್ನುತ್ತಿದ್ದ ಅಮ್ಮ, ಸ್ನಾನ ಕೂಡ ಮಾಡದೆ ದೇವರ ಮುಂದೆ ದೀಪ ಹಚ್ಚಿದರು. ಅವತ್ತಿನಿಂದ ಬೀದಿಯವರ ಯೋಗಕ್ಷೇಮ ಒಂದೇ: ‘ಇವತ್ತು ಎಷ್ಟು ಹಿಕ್ಕೆ?’

ಪಕ್ಕದ ಮನೆ ಹುಡುಗಿಯ ಋಣ ದೊಡ್ಡದು. ಮೊಲ ಎರಡು ಥರ ಹಿಕ್ಕೆ ಹಾಕುತ್ತದೆ. ಮೆತ್ತಗಿರುವ ಗೊಂಚಲನ್ನು ತಾನೇ ಬಗ್ಗಿ ತಿನ್ನಬೇಕು, ಅದರಲ್ಲಿ ಸತ್ವ ಇರುತ್ತದೆ. ಪಟ್ಟಿ ಕಟ್ಟಿದ ಕಾಲಿಗೆ ಬಗ್ಗೋಕಾಗದೆ ಎಲ್ಲ ಬಾಲಕ್ಕೇ ಅಂಟುತ್ತಿತ್ತು. ದಿನಾ ಕಾಲೇಜಿಗೆ ಹೋಗೋ ಮುಂಚೆ ಬಂದು ಒರೆಸಿ ಹೋದಳು. ಒಂದು ದಿನಾನೂ ಮೂಗು ಮುಚ್ಚಿಕೊಳ್ಳಲಿಲ್ಲ.

ಮನೆಯಲ್ಲಿ ಉಳಿದಿದ್ದ ಮಕ್ಕಳ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯೋಟಿಕ್ ಸಿರಪ್ ಕೊಟ್ಟರೆ ಆಗುತ್ತಾ ಅಂತ ಕೇಳಿದ್ದೆ. ‘ಡಾಕ್ಟರನ್ನ ಕೇಳ್ದೆ ಕೊಡ್ಬೇಡಿ’ ಅಂದ ಮೆಡಿಕಲ್ ಶಾಪಿನ ಹುಡುಗನಿಗೆ ಕೈ ಮುಗಿಯುತ್ತೇನೆ. ಬಾಯಲ್ಲಿ ಕೊಟ್ಟರೆ ಅದು ಮೊಲದ ಕರುಳನ್ನೇ ಕೆಡಿಸಿ ಜೀವ ತೆಗೆಯಬಹುದಂತೆ.

ಮಾರ್ಕೆಟ್ಟಿನ ಹೂವಿನ ಅಕ್ಕ ಗರಿಕೆ ಕಟ್ಟು ಕೊಡುತ್ತಾ, ‘ದಿನಾ ಗಣಪತಿ ಪೂಜೆನಾ?’ ಅಂತ ಕೇಳಿದ್ದರು. ವಿಷಯ ತಿಳಿದ ಮೇಲೆ ನೀರಿಗೆ ಹಾಕದ ಒಣ ಗರಿಕೆಯನ್ನೇ ಬೇರೆ ತೆಗೆದಿಡುತ್ತಿದ್ದರು. ಊರಿನ ಮಾವ ಮೂಳೆಗೆ ಒಳ್ಳೇದು ಅಂತ ಒಂದು ಹೊರೆ ಕುದುರೆ ಮೆಂತೆ ತಂದರು. ಮಾವ, ಕೋಪ ಮಾಡ್ಕೋಬೇಡಿ. ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಬೆಳೆದ ಮೊಲಕ್ಕೆ ದಿನಾ ಕೊಡಬಾರದು ಅಂತ ಡಾಕ್ಟರ್ ಅಂದರು. ಬೆಲ್ಲ ಎರಡು ಎಳೆ ತಿಂದ. ಮಿಕ್ಕಿದ್ದು ಹಿಂದಿನ ಮನೆಯ ಹಸು ತಿಂದಿತು.

ಜಾಲರಿ ಗುಜರಿಗೆ ಹೋಯಿತು. ಈಗ ಚಾಪೆ ಹಾಸಿದ ನೆಲ. ಇನ್ನೂ ಎರಡು ವಾರ ಎತ್ತರಕ್ಕೆ ಹಾರಬಾರದಂತೆ, ಅದನ್ನು ಅವನಿಗೆ ಹೇಳೋರು ಯಾರು? ಸಿರಿಂಜು, ಅರ್ಧ ಚೀಲ ಒಣಹುಲ್ಲು ಉಳಿದಿವೆ. ಮೊಲ ಸಾಕಿದವರು ಯಾರಿಗಾದರೂ ಬೇಕಿದ್ದರೆ ಬಂದು ತಗೊಂಡು ಹೋಗಿ. ಸಂಜೆ ಆರರ ಮೇಲೆ ಮನೆಯಲ್ಲೇ ಇರುತ್ತೇನೆ.